ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರಿಟ್ಟ ಮಹಾವೀರಾಚಾರ್ಯರು

ಬೋಧನಾಭ್ಯಾಸದ ಎರಡನೆಯ ವಾರ ನನ್ನ ಪಾಲಿಗೆ ಐದನೆಯ ತರಗತಿಯ ಗಣಿತ ಬಂದಿತು. ಘಟಕದ ಹೆಸರು ದೊಡ್ಡ ಸಂಖ್ಯೆಗಳು. ಮೊದಲ ದಿನ ಮಕ್ಕಳ ಪೂರ್ವಜ್ಞಾನ ತಿಳಿಯಲೆಂದು ಒಂದು ಲಕ್ಷದ ಐದು ಎಂದು ಬಾಯಲ್ಲಿ ಹೇಳಿ ಅದನ್ನು ಅಂಕಿಗಳಲ್ಲಿ ಬರೆಯಿಸಿದೆ. ಇಪ್ಪತ್ತೆಂಟು ಮಕ್ಕಳಲ್ಲಿ ಹನ್ನೊಂದು ಮಂದಿ 1000005 ಎಂದು ಬರೆದಿದ್ದರು. ಸಂಜೆ ಆ ನೋಟ್‌ಬುಕ್ಕುಗಳನ್ನು ಮುಂದಿಟ್ಟುಕೊಂಡು ಕುಳಿತಾಗ ತಪ್ಪು ಬಂದ ದಾರಿ ಕಾಣಿಸಿತು. ಮಕ್ಕಳು ಕಿವಿಗೆ ಬಿದ್ದದ್ದನ್ನು ಬಿದ್ದ ಕ್ರಮದಲ್ಲೇ ಬರೆದಿದ್ದರು. ಮೊದಲು ಲಕ್ಷ ಕೇಳಿಸಿತು, ಒಂದರ ಮುಂದೆ ಐದು ಸೊನ್ನೆ ಬರೆದರು. ಆಮೇಲೆ ಐದು ಕೇಳಿಸಿತು, ಅದನ್ನು ಕೊನೆಗೆ ಸೇರಿಸಿದರು. ಲಕ್ಷವೆಂದರೆ ಅವರಿಗೆ ಒಂದು ದೊಡ್ಡ ಮೊತ್ತ ಅಷ್ಟೇ. ಅದು ಒಂದು ಸ್ಥಾನದ ಹೆಸರು ಎಂಬುದು ಅವರ ಮನಸ್ಸಿಗೆ ಇಳಿದಿರಲಿಲ್ಲ.

ಪಾಠ ವೀಕ್ಷಣೆಗೆ ಬಂದಿದ್ದ ನಮ್ಮ ಉಪನ್ಯಾಸಕರು, ಸ್ಥಾನಬೆಲೆಯ ಕೋಷ್ಟಕವನ್ನು ನೇರವಾಗಿ ಹಲಗೆಯ ಮೇಲೆ ಬರೆಯುವ ಬದಲು ಅದನ್ನು ಯಾರಾದರೊಬ್ಬ ಗಣಿತಜ್ಞರ ಜೀವನದ ಮೂಲಕ ತರಲು ಸಾಧ್ಯವೇ ನೋಡಿ ಎಂದು ಸಲಹೆ ಕೊಟ್ಟರು. ನನ್ನ ಅಭ್ಯಾಸ ಶಾಲೆ ಕಾಗಿಣಾ ನದಿಗೆ ಹತ್ತಿರದ ಒಂದು ಹಳ್ಳಿಯಲ್ಲಿದೆ. ಅಲ್ಲಿನ ಮಕ್ಕಳಿಗೆ ಮಳಖೇಡದ ಕೋಟೆ ಹೊಸದಲ್ಲ, ಸಂತೆಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಕಾಣುವ ಗೋಡೆ ಅದು. ಹೀಗಾಗಿ ನನಗೆ ಬೇರೆ ಹೆಸರು ಹುಡುಕುವ ಕಷ್ಟ ಬರಲಿಲ್ಲ. ರಾಷ್ಟ್ರಕೂಟರ ಕಾಲದ ಮಹಾವೀರಾಚಾರ್ಯರನ್ನು ಆರಿಸಿಕೊಂಡೆ. ಕಷ್ಟ ಬಂದದ್ದು ಅವರ ಜೀವನವನ್ನು ಹೇಳಲು ಹೊರಟಾಗ.

ಹೆಸರು ಹೇಳಿದ ಕೂಡಲೇ ಮೊದಲ ಗೊಂದಲ. ಸಮಾಜ ವಿಜ್ಞಾನದಲ್ಲಿ ವರ್ಧಮಾನ ಮಹಾವೀರರ ಪಾಠ ಕೇಳಿದ್ದ ಮಕ್ಕಳು, ತೀರ್ಥಂಕರರು ಲೆಕ್ಕವನ್ನೂ ಮಾಡುತ್ತಿದ್ದರೇ ಎಂದು ಕೇಳಿದರು. ಇಬ್ಬರ ನಡುವೆ ಸಾವಿರ ವರ್ಷಗಳಿಗೂ ಹೆಚ್ಚಿನ ಅಂತರವಿದೆ ಎಂದು ಹಲಗೆಯ ಮೇಲೆ ಒಂದು ಕಾಲರೇಖೆ ಎಳೆದು ತೋರಿಸಬೇಕಾಯಿತು. ಆಚಾರ್ಯರು ಜೈನರು, ತಮ್ಮ ಗ್ರಂಥವನ್ನು ಆ ತೀರ್ಥಂಕರರಿಗೆ ನಮಸ್ಕರಿಸಿಯೇ ಆರಂಭಿಸಿದ್ದಾರೆ. ಎರಡನೆಯ ಪ್ರಶ್ನೆ ಮುಂದಿನ ಬೆಂಚಿನ ಹುಡುಗಿಯದು. ಅವರ ಊರು ಯಾವುದು, ಮಳಖೇಡವೇ ಎಂದು ಕೇಳಿದಳು. ತರಗತಿಯ ಕಣ್ಣುಗಳೆಲ್ಲ ನನ್ನ ಮೇಲಿದ್ದವು. ಹೌದು, ಇಲ್ಲೇ ಕೋಟೆಯೊಳಗೆ ಅರಮನೆಯಲ್ಲಿ ಕುಳಿತು ಬರೆದರು ಎಂದುಬಿಟ್ಟೆ. ಮಕ್ಕಳ ಮುಖ ಅರಳಿತು. ಪಾಠ ಚೆನ್ನಾಗಿ ನಡೆಯಿತು ಎಂದು ನನಗೂ ಅನ್ನಿಸಿತು.

ಆ ರಾತ್ರಿ ಗ್ರಂಥಾಲಯದಿಂದ ತಂದ ಪುಸ್ತಕಗಳನ್ನು ಸರಿಯಾಗಿ ಓದಿದೆ. ಆಚಾರ್ಯರು ಹುಟ್ಟಿದ ಊರು, ತಂದೆ ತಾಯಿ, ಗುರುಗಳು, ಹುಟ್ಟಿದ ವರ್ಷ, ತೀರಿಕೊಂಡ ವರ್ಷ ಯಾವುದಕ್ಕೂ ದಾಖಲೆಯಿಲ್ಲ. ಅವರ ಬದುಕಿನ ಬಗ್ಗೆ ನಮ್ಮ ಕೈಯಲ್ಲಿರುವ ಗಟ್ಟಿ ಸಾಕ್ಷಿ ಅವರೇ ಸಂಸ್ಕೃತದಲ್ಲಿ ಬರೆದ ಗಣಿತಸಾರಸಂಗ್ರಹ. ಅದರ ಆರಂಭದ ಶ್ಲೋಕಗಳಲ್ಲಿ ಅಮೋಘವರ್ಷ ನೃಪತುಂಗನ ಹೊಗಳಿಕೆ ಇದೆ. ಆತನ ಆಳ್ವಿಕೆಯಲ್ಲಿ ಪ್ರಜೆಗಳು ಬರಗಾಲವಿಲ್ಲದೆ, ಬೆಳೆಗೆ ಪೀಡೆಗಳ ಕಾಟವಿಲ್ಲದೆ ಸಂತೋಷವಾಗಿದ್ದಾರೆ ಎಂದು ಹೇಳಿ, ಆ ಆಳ್ವಿಕೆ ಬೆಳೆಯಲಿ ಎಂದು ಹಾರೈಸಿದ್ದಾರೆ. ರಾಜ ಬದುಕಿದ್ದಾಗಲೇ ಬರೆದದ್ದು ಎಂಬುದು ಇದರಿಂದ ಗೊತ್ತಾಗುತ್ತದೆ. ಗ್ರಂಥವನ್ನು ಸುಮಾರು 850ರದೆಂದು ವಿದ್ವಾಂಸರು ಎಣಿಸುವುದು ಇದೇ ಆಧಾರದ ಮೇಲೆ. ಆದರೆ ತಾವು ಮಾನ್ಯಖೇಟದಲ್ಲಿದ್ದೆ, ಆಸ್ಥಾನದಲ್ಲಿದ್ದೆ ಎಂಬ ಮಾತು ಅಲ್ಲಿಲ್ಲ. ಕೋಟೆಯೊಳಗಿನ ಅರಮನೆಯಲ್ಲಿ ಅವರನ್ನು ಕೂರಿಸಿದ್ದು ನಾನು.

ಊರು ತಿಳಿಯದಿದ್ದರೂ ಅವರ ಕಾಲ ಎಂಥದ್ದೆಂದು ಚೆನ್ನಾಗಿ ತಿಳಿದಿದೆ. ಅಮೋಘವರ್ಷ 814ರಲ್ಲಿ ಇನ್ನೂ ಹುಡುಗನಾಗಿದ್ದಾಗ ಪಟ್ಟಕ್ಕೆ ಬಂದವನು. ಅರವತ್ತು ವರ್ಷಗಳಿಗೂ ಹೆಚ್ಚು ಕಾಲ ಆಳಿದ. ನಮಗೆ ಸಿಕ್ಕಿರುವ ಕನ್ನಡದ ಮೊದಲ ಗ್ರಂಥ ಕವಿರಾಜಮಾರ್ಗ ಹುಟ್ಟಿದ್ದು ಆತನ ಕಾಲದಲ್ಲಿ. ಜೈನ ವಿದ್ವಾಂಸ ಜಿನಸೇನರು ಗುರು ವೀರಸೇನರು ಅರ್ಧಕ್ಕೆ ಬಿಟ್ಟಿದ್ದ ಜಯಧವಳಾ ವ್ಯಾಖ್ಯಾನವನ್ನು 837ರಲ್ಲಿ ಮುಗಿಸಿದರು. ಆ ವೀರಸೇನರ ಧವಳಾ ವ್ಯಾಖ್ಯಾನದಲ್ಲಿ ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧ ಮಾಡಬಹುದು ಎಂಬ ಲೆಕ್ಕವಿದೆ. ಲೋಕದ ಅಳತೆ, ಕಾಲದ ಅಳತೆ ಎಂದು ಜೈನರು ಬಹು ದೊಡ್ಡ ಸಂಖ್ಯೆಗಳ ಜೊತೆ ಬಹಳ ಹಿಂದಿನಿಂದಲೂ ಪಳಗಿದವರು. ಅದೇ ಹೊತ್ತಿಗೆ ದೂರದ ಬಾಗ್ದಾದಿನಲ್ಲಿ ಅಲ್ ಖ್ವಾರಿಜ್ಮಿ ಭಾರತದ ಅಂಕಿಗಳಿಂದ ಲೆಕ್ಕ ಮಾಡುವುದು ಹೇಗೆಂದು ಅರಬ್ಬಿಯಲ್ಲಿ ಬರೆದಿದ್ದ. ಇಂಥ ಕಾಲದಲ್ಲಿ ಮಹಾವೀರಾಚಾರ್ಯರು ಗಣಿತಕ್ಕಾಗಿಯೇ ಒಂದು ಗ್ರಂಥ ಬರೆದರು. ಅವರಿಗಿಂತ ಹಿಂದಿನ ಆರ್ಯಭಟ, ಬ್ರಹ್ಮಗುಪ್ತರ ಪ್ರಸಿದ್ಧ ಗ್ರಂಥಗಳಲ್ಲಿ ಗಣಿತ ಖಗೋಳದ ಜೊತೆಗೆ ಬರುತ್ತದೆ. ಇಲ್ಲಿ ಗ್ರಹಗಳ ಲೆಕ್ಕವಿಲ್ಲ. ಅಡುಗೆ, ವೈದ್ಯ, ಸಂಗೀತ, ಮನೆ ಕಟ್ಟುವುದು, ಛಂದಸ್ಸು, ವ್ಯಾಪಾರ ಎಲ್ಲಕ್ಕೂ ಲೆಕ್ಕ ಬೇಕೆಂದು ಅವರು ಆರಂಭದಲ್ಲೇ ಹೇಳುತ್ತಾರೆ. ಸಮುದ್ರದಿಂದ ರತ್ನ ತೆಗೆದ ಹಾಗೆ ಹಿಂದಿನವರ ಗಣಿತದಿಂದ ಸಾರವನ್ನಷ್ಟೇ ತೆಗೆದುಕೊಂಡೆ ಎನ್ನುವುದು ಅವರ ವಿನಯ.

ಗ್ರಂಥದಲ್ಲಿ ಒಂಬತ್ತು ಅಧ್ಯಾಯ, ಸಾವಿರಕ್ಕೂ ಹೆಚ್ಚು ಶ್ಲೋಕ. ಭಿನ್ನರಾಶಿ, ತ್ರೈರಾಶಿ, ಬಡ್ಡಿ, ಕ್ಷೇತ್ರಫಲ, ಅಗೆದ ಗುಂಡಿಯ ಅಳತೆ, ನೆರಳಿನ ಲೆಕ್ಕ ಎಲ್ಲವೂ ಇವೆ. ಭಿನ್ನರಾಶಿಗಳನ್ನು ಕೂಡಲು ಛೇದಗಳ ಲಘುತಮ ಸಾಮಾನ್ಯ ಅಪವರ್ತ್ಯವನ್ನು ಬಳಸುವ ವಿಧಾನವೂ ಇದೆ. ನಾವು ಇಂದು ಐದು, ಆರನೆಯ ತರಗತಿಯಲ್ಲಿ ಮಾಡಿಸುವುದು ಅದನ್ನೇ. ಪ್ರಣಯಕಲಹದಲ್ಲಿ ಹರಿದ ಮುತ್ತಿನ ಹಾರದ ಲೆಕ್ಕವೂ ಒಂದಿದೆ, ಅದನ್ನು ಮಾತ್ರ ನಾನು ಮಕ್ಕಳಿಗೆ ಕೊಡಲಿಲ್ಲ. ನನಗೆ ಬೇಕಾಗಿದ್ದದ್ದು ಮೊದಲ ಅಧ್ಯಾಯ. ಅಲ್ಲಿ ಆಚಾರ್ಯರು ಲೆಕ್ಕಕ್ಕೆ ಕೈಹಾಕುವ ಮೊದಲು ಹೆಸರುಗಳನ್ನು ಕಲಿಸುತ್ತಾರೆ. ಉದ್ದ, ಕಾಲ, ಧಾನ್ಯ, ಚಿನ್ನ, ಬೆಳ್ಳಿಯ ಅಳತೆಗಳ ಹೆಸರು, ಅಂಕಿಗಳ ಹೆಸರು, ಕೊನೆಗೆ ಸ್ಥಾನಗಳ ಹೆಸರು.

ಸ್ಥಾನಗಳು ಇಪ್ಪತ್ತನಾಲ್ಕು. ಏಕ, ದಶ, ಶತ, ಸಹಸ್ರ, ದಶಸಹಸ್ರ, ಲಕ್ಷ, ದಶಲಕ್ಷ, ಕೋಟಿ, ದಶಕೋಟಿ, ಶತಕೋಟಿ, ಅರ್ಬುದ, ನ್ಯರ್ಬುದ. ಇಲ್ಲಿಗೆ ಹನ್ನೆರಡು. ಮುಂದಿನ ಹನ್ನೆರಡಕ್ಕೆ ಆರೇ ಹೊಸ ಪದಗಳು ಸಾಕಾಗಿವೆ, ಏಕೆಂದರೆ ಪ್ರತಿಯೊಂದರ ಹಿಂದೆಯೇ ಅದರ ಮಹಾ ಬರುತ್ತದೆ: ಖರ್ವ, ಮಹಾಖರ್ವ, ಪದ್ಮ, ಮಹಾಪದ್ಮ, ಕ್ಷೋಣಿ, ಮಹಾಕ್ಷೋಣಿ, ಶಂಖ, ಮಹಾಶಂಖ, ಕ್ಷಿತಿ, ಮಹಾಕ್ಷಿತಿ, ಕ್ಷೋಭ, ಮಹಾಕ್ಷೋಭ. ಕೊನೆಯ ಸ್ಥಾನದಲ್ಲಿ ಒಂದು ಬರೆದರೆ ಅದರ ಬಲಕ್ಕೆ ಇಪ್ಪತ್ತಮೂರು ಸೊನ್ನೆಗಳು.

ಈ ಪಟ್ಟಿಯನ್ನು ಆರ್ಯಭಟರ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿದಾಗ ನನಗೆ ಆಚಾರ್ಯರೊಳಗಿನ ಶಿಕ್ಷಕರು ಕಾಣಿಸಿದರು. ಆರ್ಯಭಟರು ಹತ್ತು ಸ್ಥಾನಗಳನ್ನು ಹೇಳುತ್ತಾರೆ. ಸಹಸ್ರದ ನಂತರ ಅಯುತ, ನಿಯುತ, ಪ್ರಯುತ, ಆಮೇಲೆ ಕೋಟಿ. ಒಂದೊಂದಕ್ಕೂ ಬೇರೆ ಪದ, ಎಲ್ಲವೂ ಕಿವಿಗೆ ಒಂದೇ ತರಹ. ಮಹಾವೀರಾಚಾರ್ಯರು ಅವನ್ನು ಬಿಟ್ಟು ದಶಸಹಸ್ರ, ಲಕ್ಷ, ದಶಲಕ್ಷ ಎಂದರು. ಹೆಸರಿನೊಳಗೇ ಅದರ ಬೆಲೆ ಇದೆ, ಹಿಂದಿನ ಸ್ಥಾನದ ಹತ್ತರಷ್ಟು ಎಂದು ಹೆಸರೇ ಹೇಳಿಕೊಡುತ್ತದೆ. ನಾವು ಇಂದು ಹಲಗೆಯ ಮೇಲೆ ಬಿಡಿ, ಹತ್ತು, ನೂರು, ಸಾವಿರ, ಹತ್ತು ಸಾವಿರ, ಲಕ್ಷ, ಹತ್ತು ಲಕ್ಷ, ಕೋಟಿ ಎಂದು ಬರೆಯುವ ಕೋಷ್ಟಕ ಆಚಾರ್ಯರ ಪಟ್ಟಿಯ ಮೊದಲ ಎಂಟು ಹೆಸರುಗಳೊಡನೆ ಒಂದಕ್ಕೊಂದು ಹೊಂದುತ್ತದೆ. ಒಂದು ಎಚ್ಚರಿಕೆ: ಅರ್ಬುದ ಎಂಬ ಪದ ಎಲ್ಲರಲ್ಲೂ ಒಂದೇ ಅಲ್ಲ. ಆರ್ಯಭಟರಿಗೆ ಅದು ಹತ್ತು ಕೋಟಿ, ಆಚಾರ್ಯರಿಗೆ ಸಾವಿರ ಕೋಟಿ. ಹಳೆಯ ಪದಗಳನ್ನು ತರಗತಿಗೆ ತರುವವರು ಯಾರ ಪಟ್ಟಿ ಎಂದು ಹೇಳಿಯೇ ತರಬೇಕು.

ಇಷ್ಟು ದೊಡ್ಡ ಸ್ಥಾನಗಳು ಯಾವ ಕೆಲಸಕ್ಕೆ ಎಂದು ನನ್ನ ಸಹಪಾಠಿಯೊಬ್ಬರು ಕೇಳಿದರು. ಹದಿನೆಂಟು ಗ್ರಾಂ ನೀರನ್ನು ಲೋಟಕ್ಕೆ ಹಾಕಿದರೆ ತಳವಷ್ಟೇ ಮುಚ್ಚುತ್ತದೆ. ಅದರಲ್ಲಿರುವ ಅಣುಗಳು ಹೆಚ್ಚು ಕಡಿಮೆ ಆರು ಮಹಾಕ್ಷೋಭ. ಅವೊಗಾಡ್ರೊ ಸಂಖ್ಯೆ ಆಚಾರ್ಯರ ಕೊನೆಯ ಸ್ಥಾನದಲ್ಲಿ ಸರಿಯಾಗಿ ಕೂರುತ್ತದೆ. ಅವರಿಗೆ ಇದು ಗೊತ್ತಿತ್ತೆಂದು ಯಾರೂ ಹೇಳಬಾರದು, ಇದು ಬರಿಯ ಕಾಕತಾಳೀಯ. ಆದರೂ ಕೇಳಿ ನನಗೆ ಸಂತೋಷವಾಯಿತು.

ಮರುದಿನ ತರಗತಿಗೆ ಹೋಗಿ ಮೊದಲು ನನ್ನ ತಪ್ಪು ಹೇಳಿದೆ. ಆಚಾರ್ಯರ ಊರು ಯಾವುದೆಂದು ಯಾರಿಗೂ ಗೊತ್ತಿಲ್ಲ, ನಿನ್ನೆ ನಾನು ಹೇಳಿದ್ದು ನನ್ನ ಕಲ್ಪನೆ ಎಂದೆ. ಆ ಹುಡುಗಿಯ ಮುಖ ಸಣ್ಣದಾಯಿತು. ಅವಳು ಮನೆಯಲ್ಲಿ ತಾತನಿಗೆ ಹೇಳಿಬಿಟ್ಟಿದ್ದಳಂತೆ. ಹಿಂದಿನ ಬೆಂಚಿನಲ್ಲಿದ್ದ ಉಪನ್ಯಾಸಕರು ಏನೋ ಬರೆದುಕೊಂಡರು. ನನ್ನ ಕೈ ನಡುಗುತ್ತಿತ್ತು. ಆಚಾರ್ಯರು ಮೊದಲ ಅಧ್ಯಾಯದ ಕೊನೆಯಲ್ಲಿ ಗಣಿತಜ್ಞನಿಗೆ ಇರಬೇಕಾದ ಎಂಟು ಗುಣಗಳನ್ನು ಎಣಿಸುತ್ತಾರೆ. ಬೇಗ ಲೆಕ್ಕ ಮಾಡುವುದು, ಊಹಿಸುವುದು, ಸೋಮಾರಿತನವಿಲ್ಲದಿರುವುದು, ನೆನಪಿನಲ್ಲಿಡುವುದು ಇವುಗಳ ನಡುವೆ ಅಪೋಹ ಎಂಬುದೂ ಒಂದು, ಅಂದರೆ ಸರಿಯಲ್ಲವೆಂದು ಕಂಡದ್ದನ್ನು ಬಿಟ್ಟುಬಿಡುವುದು. ಅದನ್ನು ಮಕ್ಕಳಿಗೆ ಹೇಳಿ ಪಾಠ ಮುಂದುವರಿಸಿದೆ.

ಆಚಾರ್ಯರಿಗೂ ತಪ್ಪಿದ್ದುಂಟು. ಸೊನ್ನೆಯ ನಿಯಮಗಳಲ್ಲಿ, ಸೊನ್ನೆಯಿಂದ ಗುಣಿಸಿದರೆ ಸೊನ್ನೆ, ಸೊನ್ನೆ ಕೂಡಿದರೂ ಕಳೆದರೂ ಸಂಖ್ಯೆ ಬದಲಾಗದು ಎಂದು ಸರಿಯಾಗಿ ಹೇಳಿ, ಸೊನ್ನೆಯಿಂದ ಭಾಗಿಸಿದರೂ ಬದಲಾಗದು ಎಂದು ಬರೆದರು. ಋಣಸಂಖ್ಯೆಗೆ ವರ್ಗಮೂಲವಿಲ್ಲ ಎಂದು ಸ್ಪಷ್ಟವಾಗಿ ಕಂಡುಕೊಂಡವರು ಇಲ್ಲಿ ಎಡವಿದರು. ನಾನು ಮಕ್ಕಳಿಗೆ ನಿಯಮ ಹೇಳದೆ ಪ್ರಶ್ನೆ ಮಾತ್ರ ಕೇಳಿದೆ. ಹತ್ತು ಮಾವಿನಹಣ್ಣು ಇವೆ, ಹಂಚಿಕೊಳ್ಳಲು ಯಾರೂ ಇಲ್ಲ, ಏನಾಗುತ್ತದೆ? ಹತ್ತೂ ಹಾಗೇ ಉಳಿಯುತ್ತವೆ ಎಂದು ತರಗತಿಯೇ ಕೂಗಿತು. ಆಚಾರ್ಯರ ಉತ್ತರವೂ ಇದೇ. ಅವರು ಯೋಚಿಸಿದ ಬಗೆಯೂ ಇದೇ ಇದ್ದೀತು. ಆಮೇಲೆ ಭಾಗಾಕಾರವನ್ನು ಮತ್ತೆ ಮತ್ತೆ ಕಳೆಯುವುದಾಗಿ ಮಾಡಿಸಿದೆ. ಹತ್ತರಿಂದ ಎರಡನ್ನು ಐದು ಸಲ ಕಳೆದರೆ ಮುಗಿಯಿತು. ಹತ್ತರಿಂದ ಸೊನ್ನೆಯನ್ನು ಎಷ್ಟು ಸಲ ಕಳೆದರೆ ಮುಗಿಯುತ್ತದೆ? ಒಬ್ಬ ಹುಡುಗ ಸಂಜೆಯವರೆಗೆ ಕಳೆದರೂ ಮುಗಿಯುವುದಿಲ್ಲ ಎಂದ. ಮುಗಿಯದ್ದಕ್ಕೆ ಉತ್ತರ ಹೇಳಲಾಗದು, ಆದ್ದರಿಂದ ಸೊನ್ನೆಯಿಂದ ಭಾಗಿಸುವುದಿಲ್ಲ ಎಂದು ಅಲ್ಲಿಗೆ ನಿಲ್ಲಿಸಿದೆ.

ದೊಡ್ಡ ಸಂಖ್ಯೆಗಳಿಗೆ ಆಚಾರ್ಯರು ಕೊಟ್ಟ ಅಭ್ಯಾಸಗಳು ಎರಡನೆಯ ಅಧ್ಯಾಯದ ಗುಣಾಕಾರದಲ್ಲಿವೆ. ನನ್ನ ಪಾಠಕ್ಕೆ ಜೀವ ಬಂದದ್ದು ಅಲ್ಲಿಂದ. ಗುಣಿಸಿದರೆ ಬರುವ ಉತ್ತರ ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗುವಂಥ ಲೆಕ್ಕಗಳನ್ನು ಅವರು ಹುಡುಕಿ ಇಟ್ಟಿದ್ದಾರೆ. ಅಂಥ ಉತ್ತರವನ್ನು ಕೊರಳಿಗೆ ಹಾಕುವ ಹಾರಕ್ಕೆ ಹೋಲಿಸಿದ್ದಾರೆ. 139 ಅನ್ನು 109ರಿಂದ ಗುಣಿಸಿದರೆ 15151. 152207 ಅನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳು. 27994681 ಅನ್ನು 441ರಿಂದ ಗುಣಿಸಿದರೆ 12345654321. ಈ ಕೊನೆಯದನ್ನು ನಾವು ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ ಐವತ್ತಾರು ಲಕ್ಷ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು ಎಂದು ಉಸಿರು ಹಿಡಿದು ಓದಬೇಕು. ಆಚಾರ್ಯರ ಹೆಸರುಗಳಲ್ಲಿ ಓದಿದರೆ ಒಂದು ಅರ್ಬುದ, ಎರಡು ಶತಕೋಟಿ, ಮೂರು ದಶಕೋಟಿ, ನಾಲ್ಕು ಕೋಟಿ ಎಂದು ಒಂದೊಂದು ಅಂಕಿಯೂ ತನ್ನ ಸ್ಥಾನದ ಹೆಸರು ಹೇಳಿಕೊಂಡು ಇಳಿಯುತ್ತದೆ.

ಗುಣ್ಯ ಗುಣಕಗಳನ್ನೂ ಅವರು ಅಂಕಿಯಲ್ಲಿ ಬರೆದುಕೊಡುವುದಿಲ್ಲ, ಶ್ಲೋಕದೊಳಗೆ ಮಾತಿನಲ್ಲಿ ಹೇಳುತ್ತಾರೆ. ಮೂರು ಆರು ಸಲ, ಆರು ಐದು ಸಲ, ಕೊನೆಗೊಂದು ಏಳು ಎಂದರೆ 333333666667. ಅದನ್ನು 33ರಿಂದ ಗುಣಿಸಬೇಕು. ಕೇಳಿ ಬರೆಯುವುದರಲ್ಲಿ ಎಡವಿದ ನನ್ನ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಬೇರೆ ಇರಲಿಲ್ಲ. ಅಂಕಿಗಳಿಗೆ ವಸ್ತುಗಳ ಹೆಸರೂ ಇದ್ದವು. ಆಕಾಶ ಸೊನ್ನೆ, ಚಂದ್ರ ಒಂದು, ಕಣ್ಣು ಎರಡು, ರತ್ನ ಮೂರು, ಸಮುದ್ರ ನಾಲ್ಕು, ಬಾಣ ಐದು, ಋತು ಆರು. ಹೇಳುವಾಗ ಬಿಡಿಸ್ಥಾನದಿಂದ ಶುರು. ಹಾಗಾಗಿ ನಾನು ಋತು, ಆಕಾಶ, ಕಣ್ಣು ಎಂದರೆ ಮಕ್ಕಳು 206 ಎಂದು ಬರೆಯಬೇಕು. ಎರಡು ದಿನ ಇದೇ ಆಟ. ಬಾಣ, ಆಕಾಶ, ಆಕಾಶ, ಆಕಾಶ, ಆಕಾಶ, ಚಂದ್ರ ಎಂದು ಹೇಳಿದಾಗ ಮೊದಲ ದಿನ ತಪ್ಪು ಬರೆದಿದ್ದ ಹನ್ನೊಂದರಲ್ಲಿ ಎಂಟು ಮಂದಿ 100005 ಎಂದು ಬರೆದರು. ಇದು ಮೊನ್ನೆಯ ಒಂದು ಲಕ್ಷದ ಐದೇ ಅಲ್ಲವೇ ಎಂದು ಅವರಲ್ಲೊಬ್ಬ ತಾನಾಗಿಯೇ ಕೇಳಿದ. ಉಳಿದ ಮೂವರೊಡನೆ ಮಧ್ಯಾಹ್ನದ ಊಟದ ನಂತರ ಕುಳಿತುಕೊಳ್ಳಬೇಕಾಯಿತು.

ಹಾರದ ಲೆಕ್ಕಗಳಲ್ಲಿ ಐದನೆಯ ತರಗತಿಗೆ ಹೇಳಿ ಮಾಡಿಸಿದ್ದು 12345679 ಅನ್ನು 9ರಿಂದ ಗುಣಿಸುವುದು. ಹಲಗೆಯ ಮೇಲೆ ಬರೆದ ತಕ್ಷಣ ಎಂಟು ಬಿಟ್ಟುಹೋಗಿದೆ ಎಂದು ನಾಲ್ಕೈದು ಧ್ವನಿ. ಬಿಟ್ಟುಹೋಗಿಲ್ಲ, ಮಾಡಿ ನೋಡಿ ಎಂದೆ. ಉತ್ತರ 11,11,11,111 ಬಂದಾಗ ಆದ ಗದ್ದಲಕ್ಕೆ ಪಕ್ಕದ ತರಗತಿಯ ಶಿಕ್ಷಕರು ಬಂದು ಇಣುಕಿದರು. ಆಮೇಲೆ 142857143 ಅನ್ನು 7ರಿಂದ ಗುಣಿಸಿದರು. 1000000001. ಇದನ್ನು ಓದಲು ನಮ್ಮ ಕೋಷ್ಟಕದ ಎಂಟು ಮನೆಗಳು ಸಾಲಲಿಲ್ಲ, ಶತಕೋಟಿಯ ಮನೆ ಬೇಕಾಯಿತು. ಊರಿನ ಪ್ರಶ್ನೆ ಕೇಳಿದ್ದ ಹುಡುಗಿ ಎದ್ದು ಬೆರಳಿಟ್ಟು ಬಲದಿಂದ ಸ್ಥಾನಗಳನ್ನು ಎಣಿಸಿ, ನೂರು ಕೋಟಿ ಒಂದು ಎಂದು ಓದಿದಳು. ನಾನು ಪಾಠಯೋಜನೆಯಲ್ಲಿ ಅಂದಿಗೆ ಇಟ್ಟುಕೊಂಡಿದ್ದದ್ದು ಕರ್ನಾಟಕದ 2011ರ ಜನಸಂಖ್ಯೆ 6,10,95,297 ಅನ್ನು ಓದಿಸುವುದು. ಅದನ್ನು ಅವರು ದಾರಿಯಲ್ಲಿ ಸಿಕ್ಕ ಕಲ್ಲಿನ ಹಾಗೆ ದಾಟಿಕೊಂಡು ಹೋದರು.

ಆಚಾರ್ಯರು ತೀರಿಕೊಂಡ ಮೇಲೂ ಗ್ರಂಥ ದಕ್ಷಿಣದಲ್ಲಿ ಪಾಠವಾಗಿ ಉಳಿಯಿತು. 11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದ. 12ನೆಯ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ ವ್ಯವಹಾರಗಣಿತ ಬರೆದ. ಮೂಲದ ಓಲೆಗರಿಗಳು ಮೂಡಬಿದಿರೆಯಂಥ ಕಡೆ ಕನ್ನಡ ಲಿಪಿಯಲ್ಲಿ ಉಳಿದುಕೊಂಡವು. ಅವುಗಳನ್ನೆಲ್ಲ ಹೋಲಿಸಿ ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಿಂದ ಇಂಗ್ಲಿಷ್ ಅನುವಾದದೊಂದಿಗೆ ಅಚ್ಚು ಹಾಕಿಸಿದರು. ಈಗ ಕನ್ನಡ ಅನುವಾದವೂ ಇದೆ.

ಕೊನೆಯ ದಿನ ಇಪ್ಪತ್ತನಾಲ್ಕು ರಟ್ಟಿನ ಪಟ್ಟಿಗಳ ಮೇಲೆ ಮಕ್ಕಳೇ ಸ್ಥಾನಗಳ ಹೆಸರು ಬರೆದು ಬಲದಿಂದ ಎಡಕ್ಕೆ ಗೋಡೆಗೆ ಅಂಟಿಸಿದರು. ಗೋಡೆ ಮುಗಿದು ಕಿಟಕಿಯ ಬಳಿಗೆ ಬಂದಾಗ, ಇಪ್ಪತ್ತೈದನೆಯದಕ್ಕೆ ಹೆಸರೇನು ಎಂದು ಒಬ್ಬ ಕೇಳಿದ. ಈ ಸಲ ನಾನು ಅವಸರ ಮಾಡಲಿಲ್ಲ. ಆಚಾರ್ಯರ ಪುಸ್ತಕದಲ್ಲಿ ಪಟ್ಟಿ ಅಲ್ಲಿಗೆ ಮುಗಿಯುತ್ತದೆ, ನೀವೇ ಇಡಿ ಎಂದೆ. ಸ್ವಲ್ಪ ಹೊತ್ತು ಗುಸುಗುಸು ನಡೆದು ಎರಡು ಹೆಸರು ಬಂದವು. ಇಪ್ಪತ್ತೈದನೆಯದು ಕಾಗಿಣಾ, ಇಪ್ಪತ್ತಾರನೆಯದು ಮಹಾಕಾಗಿಣಾ. ಪುಸ್ತಕದಲ್ಲಿ ಇಲ್ಲದ್ದರಿಂದ ಅವೆರಡನ್ನು ಪೆನ್ಸಿಲ್ಲಿನಲ್ಲಿ ಬರೆದು ಕಿಟಕಿಯ ಚೌಕಟ್ಟಿಗೆ ಅಂಟಿಸಿ ಬಂದೆವು.